ಹಿಂದಿನ ಸೀಟಿನ ಮೇಷ್ಟ್ರು

ಹಳೆಯ ಕಾರುಗಳ ದುರಸ್ತಿಯ ವೃತ್ತಿಯಲ್ಲಿ ಕೈಚಳಕದವರಿಗೆ ಕೊರತೆಯಿಲ್ಲ. ಆದರೆ ಪಾನಾ ಮುಟ್ಟುವ ಮೊದಲು ಗಾಡಿಯ ಅಹವಾಲನ್ನು ಕುಳಿತು ಕೇಳುವ ವ್ಯವಧಾನವುಳ್ಳವರು ವಿರಳ. ಅಂಥವರಲ್ಲಿ ಅಗ್ರಗಣ್ಯರಾಗಿ, ಮೂವತ್ತೆಂಟು ವರ್ಷ ಒಂದೇ ಷೆಡ್ಡಿನಲ್ಲಿ ಸೇವೆ ಸಲ್ಲಿಸಿ ಈಗ ನಿವೃತ್ತರಾಗುತ್ತಿರುವ ನಮ್ಮ ಮೇಷ್ಟ್ರನ್ನು ಕುರಿತು ನಾಲ್ಕು ಮಾತು ಬರೆಯುವ ಭಾಗ್ಯ ನನ್ನದಾಗಿದೆ. ಭಾಗ್ಯವೆಂದೆನೇ? ಸಂಪಾದಕರು ಲೇಖನ ಕೇಳಿದ ದಿನದಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ಮೂರು ಸಲ ಬರೆದು ಮೂರು ಸಲವೂ ಹರಿದಿದ್ದೇನೆ. ಒಂದು ಸಂಗತಿಯನ್ನು ಹೇಳದೆ ಇವರನ್ನು ಹೊಗಳಲಾಗದು. ಹೇಳಿದರೆ ಇದು ಅಭಿನಂದನ ಗ್ರಂಥಕ್ಕೆ ಸಲ್ಲುವ ಲೇಖನವೇ ಅಲ್ಲ.

ಶಾಲೆಯಲ್ಲಿ ಪಾಠ ಹೇಳದಿದ್ದರೂ ಇವರು ನಮಗೆಲ್ಲ ಮೇಷ್ಟ್ರು. ಸದ್ದು ಮಾಡುವ ಗಾಡಿ ಬಂದರೆ ಉಳಿದವರು ಸ್ಟಿಯರಿಂಗ್ ಹಿಡಿಯಲು ಓಡುತ್ತಿದ್ದೆವು. ಇವರು ಮಾತ್ರ ಗಾಡಿಯ ಒಡೆಯರನ್ನೇ ಓಡಿಸಲು ಬಿಟ್ಟು, ಹಿಂದಿನ ಸೀಟಿನ ನಟ್ಟನಡುವೆ, ಎರಡೂ ಪಾದಗಳನ್ನು ನೆಲಕ್ಕೂರಿ, ಮದುವೆಮನೆಗೆ ಹೊರಟ ಹಿರಿಯರಂತೆ ಕೂರುತ್ತಿದ್ದರು. ನಡುಕ ಸ್ಟಿಯರಿಂಗಿನಲ್ಲಿದ್ದರೆ ಮುಂದಿನ ಚಕ್ರ ನೋಡು, ಸೀಟಿನಡಿಯಲ್ಲಿದ್ದರೆ ಶಾಫ್ಟ್ ನೋಡು, ಅರವತ್ತರ ವೇಗದಲ್ಲಿ ಗೇರು ತಪ್ಪಿಸಿ ನ್ಯೂಟ್ರಲ್ಲಿಗೆ ತಂದಾಗಲೂ ನಡುಕ ನಿಲ್ಲದಿದ್ದರೆ ಎಂಜಿನ್ನಿಗೆ ಕೈ ಹಚ್ಚಬೇಡ ಎನ್ನುವುದು ಇವರು ನಮ್ಮ ತಲೆಗೆ ತುಂಬಿದ ಪಾಠ.

ನನಗೆ ಷೆಡ್ಡಿನಲ್ಲಿಟ್ಟ ಹೆಸರು ಅವಸರ. ಹೆಸರಿಗೆ ಕುಂದು ಬಾರದಂತೆ ನಡೆದುಕೊಂಡಿದ್ದೇನೆ. ಹದಿನಾಲ್ಕು ವರ್ಷದ ಹಿಂದೆ, ಮನೆಮನೆಗೆ ಹೋಗಿ ಬಾಣಂತಿಯರನ್ನು ನೋಡಿಕೊಳ್ಳುತ್ತಿದ್ದ ನರ್ಸಮ್ಮನೊಬ್ಬರ ಕಾರು ನನ್ನ ಪಾಲಿಗೆ ಬಂತು. ಎಂಜಿನ್ನಿನ ಬಲವನ್ನು ಹಿಂದಿನ ಚಕ್ರಗಳಿಗೆ ಒಯ್ಯುವ ಉದ್ದನೆಯ ಶಾಫ್ಟಿನ ಬೇರಿಂಗು ಸವೆದು ಊಳಿಡುತ್ತಿತ್ತು. ಬೇರಿಂಗು ಬದಲಿಸಿ ಕಳಿಸಿದೆ. ಊಳು ಹೋಯಿತು, ಅಲ್ಲಿಯವರೆಗೆ ಇಲ್ಲದ ನಡುಕ ಶುರುವಾಯಿತು. ಚಕ್ರ ಸರಿಮಾಡಿದೆ, ಎಂಜಿನ್ನಿನಡಿಯ ರಬ್ಬರು ಬದಲಿಸಿದೆ. ಮೂರು ಸಲ ಹೋದ ಗಾಡಿ ಮೂರು ಸಲವೂ ತಿರುಗಿ ಬಂತು. ನಾಲ್ಕನೆಯ ಸಲ ಬಂದರೆ ನೀನು ಕೆಲಸಕ್ಕೆ ಬರಬೇಡ ಎಂದರು ಷೆಡ್ಡಿನ ಯಜಮಾನರು.

ಮೇಷ್ಟ್ರು ಹಿಂದಿನ ಸೀಟಿನಲ್ಲಿ ಒಂದು ಸುತ್ತು ಹೋಗಿ ಬಂದು, ಬಿಚ್ಚುವ ಮೊದಲು ಗುರುತು ಹಾಕಿದ್ದೆಯಾ ಎಂದು ಮಾತ್ರ ಕೇಳಿದರು. ಹಾಕಿದ್ದೆ, ಸೀಮೆಸುಣ್ಣದಲ್ಲಿ. ಆಮೇಲೆ ಶುಚಿಯ ಉತ್ಸಾಹದಲ್ಲಿ ಸೀಮೆಎಣ್ಣೆ ಹಾಕಿ ಶಾಫ್ಟನ್ನು ಫಳಫಳ ಹೊಳೆಯುವಂತೆ ಒರೆಸಿದ್ದೆ! ಗುರುತೂ ಅದರೊಂದಿಗೇ ಹೋಗಿತ್ತು. ಶಾಫ್ಟಿನ ಎರಡು ತುಂಡುಗಳು ಹಲ್ಲಿಗೆ ಹಲ್ಲು ಸರಿಯಾಗಿ ಕೂಡಬೇಕು. ಒಂದೇ ಹಲ್ಲು ಅತ್ತಿತ್ತಾದರೂ ಗಾಡಿ ನಡುಗುತ್ತದೆ. ಇವರು ಬೈಯಲಿಲ್ಲ. ಒಂದೊಂದೇ ಹಲ್ಲು ಸರಿಸಿ ನಡುಕ ನಿಲ್ಲುವಂತೆ ಕೂಡಿಸಿ, ಉಕ್ಕಿನ ಮೊಳೆಯಿಂದ ಎರಡೂ ತುಂಡಿನ ಮೇಲೆ ಎದುರುಬದುರು ಒಂದೊಂದು ಚುಕ್ಕಿಯನ್ನು ನನ್ನಿಂದಲೇ ಹೊಡೆಸಿದರು, ಕೆಲಸದ ಕಾರ್ಡನ್ನು ನನ್ನ ಮುಂದಿಟ್ಟರು. "ಗುರುತು ಅಳಿಸಿದ್ದು ನಾನು" ಎಂದು ನನ್ನ ಕೈಯಿಂದಲೇ ಬರೆಸಿ, ಅದನ್ನು ಹಿಡಿದು ಯಜಮಾನರ ಕೋಣೆಗೆ ಜೊತೆಯಲ್ಲೇ ಬಂದರು. ತಪ್ಪನ್ನು ಬರೆದುಕೊಡುವವನನ್ನು ಮನೆಗೆ ಕಳಿಸಿ ಮುಚ್ಚಿಡುವವನನ್ನು ಇಟ್ಟುಕೊಳ್ಳುತ್ತೀರಾ ಎಂದು ಮೇಷ್ಟ್ರು ಕೇಳಿದ್ದರಿಂದ ನನ್ನ ಅನ್ನ ಉಳಿಯಿತು.

ಆದ್ದರಿಂದಲೇ ಈ ವರ್ಷ, ನಿವೃತ್ತಿಗೆ ಇನ್ನೂ ಎರಡು ವರ್ಷವಿರುವಾಗಲೇ ಹೊರಡುತ್ತೇನೆಂದು ಇವರು ತಿಳಿಸಿದಾಗ ನನಗೆ ತಲೆ ಕೆಟ್ಟುಹೋಯಿತು. ಕಾರಣ ಕೇಳಿದರೆ ಹೇಳಲೊಲ್ಲರು. ಹನ್ನೊಂದು ಜನರ ಸಹಿ ಹಾಕಿಸಿ, ಇವರನ್ನು ಬಿಡಬಾರದೆಂದು ಯಜಮಾನರಿಗೊಂದು ಮನವಿ ಸಿದ್ಧಮಾಡಿ ಜೇಬಿನಲ್ಲಿಟ್ಟುಕೊಂಡು ತಿರುಗಿದೆ.

ಹೋದ ತಿಂಗಳು ಅದೇ ನರ್ಸಮ್ಮನ ಅದೇ ಕಾರಿಗೆ ಮತ್ತೆ ಬೇರಿಂಗು ಹಾಕಿದವರು ಮೇಷ್ಟ್ರೇ. ಮರುದಿನ ಬೆಳಿಗ್ಗೆ ಗಾಡಿ ತಿರುಗಿ ಬಂತು, ನಡುಗುತ್ತ. ಇವರು ಇನ್ನೂ ಬಂದಿರಲಿಲ್ಲ. ನಾನು ಹಿಂದಿನ ಸೀಟಿನಲ್ಲಿ ಕೂತೆ, ಅರವತ್ತಕ್ಕೆ ಬಂದಾಗ ಗೇರು ತಪ್ಪಿಸಲು ಹೇಳಿದೆ, ನಡುಕ ನಿಲ್ಲಲಿಲ್ಲ. ಗಾಡಿಯನ್ನು ಗುಂಡಿಯ ಮೇಲೆ ನಿಲ್ಲಿಸಿ ಕೆಳಗಿಳಿದು ನೋಡಿದೆ. ನಾನೇ ಹೊಡೆದ ಚುಕ್ಕಿಗಳು ಎದುರುಬದುರಿರಲಿಲ್ಲ, ಒಂದು ಹಲ್ಲಿನಷ್ಟು ಸರಿದಿದ್ದವು. ಯಾರಿಗೂ ಗೊತ್ತಾಗದಂತೆ ಸರಿಮಾಡಿಬಿಡೋಣವೆಂದು ಪಾನಾ ಎತ್ತಿಕೊಳ್ಳುವಷ್ಟರಲ್ಲಿ ಇವರು ಪಕ್ಕದಲ್ಲಿ ಬಂದು ನಿಂತಿದ್ದರು.

"ಚುಕ್ಕಿ ಕೂಡಿದೆಯಾ?"

"ಕೂಡಿದೆ ಮೇಷ್ಟ್ರೇ."

ಅವರು ಕೈ ಮೇಲೆತ್ತಿ ಶಾಫ್ಟನ್ನು ತಡವಿದರು. ಉಗುರು ಮೊದಲ ಚುಕ್ಕಿಯನ್ನು ಹುಡುಕಿತು, ಅಲ್ಲಿಂದ ಸರಿಯುತ್ತ ಎರಡನೆಯದನ್ನು ಹುಡುಕಿತು.

"ಸುಳ್ಳು ಹೇಳೋಕೂ ಅವಸರಾನಾ ನಿಂಗೆ?" ಎಂದರು.

ಕಾರ್ಡು ತರಿಸಿಕೊಂಡು ತಾವೇ ಬರೆದರು. ಅಕ್ಷರಗಳು ಗೆರೆ ಬಿಟ್ಟು ಮೇಲೂ ಕೆಳಗೂ ಹರಿದಾಡಿದವು: "ಚುಕ್ಕಿ ನೋಡದೆ ಕೂಡಿಸಿದ್ದು ನಾನು." ವರ್ಷದಿಂದ ದೃಷ್ಟಿಯ ನಟ್ಟನಡುವೆ ಮಸುಕು ಕವಿದಿದೆಯಂತೆ, ಆಪರೇಷನ್ನಿಗೆ ಬಗ್ಗುವಂಥದ್ದಲ್ಲವಂತೆ. ನಾನು ನಾಚಿಕೆಬಿಟ್ಟು ಅತ್ತೆ. ನಾವಿಷ್ಟು ಜನರಿದ್ದೇವೆ, ಹೊಟ್ಟೆಗೆ ಹಾಕಿಕೊಳ್ಳುತ್ತೇವೆ, ಇರಿ ಎಂದೆ.

"ಇವತ್ತು ನಡುಕ ಕಣಪ್ಪ. ನಾಳೆ ಬ್ರೇಕಿನ ಕೆಲಸದಲ್ಲಿ ಹೀಗಾದ್ರೆ ಆಯಮ್ಮನ ಗತಿ ಏನು?"

ಲೇಖನದ ವಿಷಯ ಎತ್ತಿದಾಗ, ಹೊಗಳುವುದಾದರೆ ಆ ಕಾರ್ಡನ್ನೂ ಸೇರಿಸು, ಇಲ್ಲವಾದರೆ ಬರೆಯಲೇಬೇಡ ಎಂದು ಕಟ್ಟಪ್ಪಣೆ ಮಾಡಿದರು. ಸೇರಿಸಿದ್ದೇನೆ. ಸಂಪಾದಕರು ಇಷ್ಟನ್ನು ಕತ್ತರಿಸಿದರೆ ಉಳಿದುದನ್ನೂ ಕತ್ತರಿಸಲಿ.

ಆ ಮನವಿಯನ್ನು ಮಾತ್ರ ನಾನು ಹರಿಯಲಿಲ್ಲ. ನಿವೃತ್ತಿ ಬೇಡವೆಂಬ ಸಾಲನ್ನು ಹೊಡೆದುಹಾಕಿ, ವಾರಕ್ಕೆರಡು ದಿನ ಮೇಷ್ಟ್ರು ಬರಲಿ, ಪಾನಾ ಮುಟ್ಟುವುದು ಬೇಡ, ಹಿಂದಿನ ಸೀಟಿನಲ್ಲಿ ಕೂತರೆ ಸಾಕು ಎಂದು ತಿದ್ದಿದೆ. ಹನ್ನೊಂದು ಜನರೂ ಮತ್ತೆ ಸಹಿ ಹಾಕಿದರು, ಹನ್ನೆರಡನೆಯದು ಯಜಮಾನರದು. ಇವರೊಬ್ಬರು ಇನ್ನೂ ಹೂಂ ಎಂದಿಲ್ಲ.

ಮೇಷ್ಟ್ರೇ, ನಿಮಗೆ ನೂರ್ಕಾಲ ಆಯುಸ್ಸಿರಲಿ, ಆರೋಗ್ಯವಿರಲಿ, ಕಣ್ಣು ಬಿಟ್ಟುಕೊಟ್ಟುದನ್ನು ನಿಮ್ಮ ಬೆರಳೂ ಬೆನ್ನೂ ಎಂದಿನಂತೆ ಕಾಣುತ್ತಿರಲಿ. ನರ್ಸಮ್ಮನ ಕಾರು ಮತ್ತೆ ಬಂದಿದೆ, ಅರವತ್ತು ದಾಟಿದರೆ ಸಣ್ಣಗೆ ಗುಂಯ್ ಎನ್ನುತ್ತಿದೆಯಂತೆ. ಎರಡು ದಿನವಾಯಿತು, ನಾನು ಅದರ ಸುತ್ತ ತಿರುಗುತ್ತಲೇ ಇದ್ದೇನೆ. ಪಾನಾ ಮುಟ್ಟಿಲ್ಲ.