ಫೋಟೋ ಇಲ್ಲದ ನಾಲ್ಕನೇ ಎಲೆ

ಬಾಳೆ ಎಲೆಯ ಮೇಲೆ ಬಿಸಿ ಅನ್ನ ಬಿದ್ದ ತಕ್ಷಣ ಒಂದು ವಾಸನೆ ಏಳುತ್ತದಲ್ಲ, ಎಲೆ ಅರೆಬೆಂದ ಹಸಿರು ವಾಸನೆ, ಅದು ಮೂಗಿಗೆ ಬಂದರೆ ಸಾಕು, ಜೆ.ಪಿ. ನಗರದ ಈ ಫ್ಲ್ಯಾಟು, ಲಿಫ್ಟಿನ ಸದ್ದು, ಪಕ್ಕದ ಮನೆಯ ಮಿಕ್ಸಿ ಎಲ್ಲ ಎಲ್ಲೋ ಹೋಗಿಬಿಡುತ್ತವೆ. ನಾನು ಹನುಮಂತನಗರದ ಹಳೇ ಮನೆಯ ಕೆಂಪು ಗಾರೆ ನೆಲದ ಮೇಲೆ ಕೂತಿರುತ್ತೇನೆ. ವಯಸ್ಸು ಹತ್ತು. ಎದುರಿಗೆ ಗೋಡೆಗೆ ಒರಗಿಸಿಟ್ಟ ಫೋಟೋಗಳು, ಅವುಗಳ ಮುಂದೆ ಮೂರು ಎಲೆ. ಆ ಮನೆ ಈಗಿಲ್ಲ. ಆ ಜಾಗದಲ್ಲಿ ನಾಲ್ಕು ಮಹಡಿ ಎದ್ದು, ಕೆಳಗೆ ಔಷಧಿ ಅಂಗಡಿ ಬಂದಿದೆ. ಮೊನ್ನೆ ಆ ಕಡೆ ಹೋದಾಗ ತಲೆನೋವಿನ ಮಾತ್ರೆ ಕೇಳುವ ನೆಪದಲ್ಲಿ ಒಳಗೆ ನಿಂತು, ನಮ್ಮ ಅಡುಗೆಮನೆ ಎಲ್ಲಿತ್ತು ಅಂತ ಲೆಕ್ಕ ಹಾಕಿ ಬಂದೆ.

ಮಹಾಲಯ ಅಮಾವಾಸ್ಯೆಗೆ ನಮ್ಮಲ್ಲಿ ಎಡೆ ಇಡುತ್ತಿದ್ದೆವು. ಹೋದವರಿಗೆ ಇಷ್ಟವಾದದ್ದನ್ನೆಲ್ಲ ಮಾಡಿ, ಎಲೆ ತುಂಬ ಬಡಿಸಿ, ಬಾಗಿಲು ಮುಚ್ಚಿ ನಾವೆಲ್ಲ ಹೊರಗೆ ಜಗಲಿ ಮೇಲೆ ಕೂರಬೇಕು. ಅವರು ಬಂದು ಉಂಡು ಹೋಗುತ್ತಾರೆ. ಸ್ವಲ್ಪ ಹೊತ್ತಾದ ಮೇಲೆ ಅಪ್ಪ ಒಂದು ಸಲ ಕೆಮ್ಮಿ ಬಾಗಿಲು ತೆಗೆಯಬೇಕು. ಕೆಮ್ಮದೆ ತೆಗೆದರೆ ಊಟದ ಮಧ್ಯೆ ಅವರನ್ನು ಎಬ್ಬಿಸಿದ ಹಾಗಾಗುತ್ತೆ ಅಂತ ಅಜ್ಜಿ ಗದರುತ್ತಿದ್ದಳು. ತಾತನಿಗೆ ಬೀಡಿ ಕಟ್ಟು, ಮುತ್ತಜ್ಜಿಗೆ ಎಲೆ ಅಡಿಕೆ, ದೊಡ್ಡಪ್ಪನಿಗೆ ಕೋಳಿ ಸಾರು. ಮೂರೇ ಎಲೆ. ನಾಲ್ಕನೆಯದರ ಮಾತೆತ್ತಿದರೆ ಮನೆಯಲ್ಲಿ ರಣರಂಗ.

ಆ ನಾಲ್ಕನೆಯದು ಶಾರದತ್ತೆಯ ಗಂಡನದು. ಶಾರದತ್ತೆ ಅಪ್ಪನ ತಂಗಿ, ನಮ್ಮ ಜೊತೆಗೇ ಇದ್ದಳು. ಮಾವ ಲೇತ್ ಕೆಲಸ ಕಲಿತವರು, ಮಂಗಳೂರಿಗೆ ಹೋಗಿ ಸರಕಿನ ಹಡಗಿನ ಎಂಜಿನ್ ರೂಮಿಗೆ ಸೇರಿಕೊಂಡರಂತೆ. ನಾನು ಹುಟ್ಟುವ ಮುಂಚೆಯೇ ಆ ಹಡಗು ಬಿರುಗಾಳಿಗೆ ಸಿಕ್ಕಿತು. ಕೆಲವರು ಸಿಕ್ಕರು, ಮಾವ ಸಿಗಲಿಲ್ಲ. ಕಂಪನಿಯವರ ಕಾಗದದಲ್ಲಿ ಇದ್ದದ್ದೂ ಅಷ್ಟೇ, ಸಿಕ್ಕಿಲ್ಲ ಅಂತ. ಅತ್ತೆ ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡಳು. ಹಣೆ ತುಂಬ ಕುಂಕುಮ, ಕೈ ತುಂಬ ಹಸಿರು ಬಳೆ. ಪ್ರತಿ ವರ್ಷ ಅಜ್ಜಿ ಮೆಲ್ಲಗೆ ಶುರು ಮಾಡುವಳು, "ಶಾರದಾ, ಹಸ್ಕೊಂಡಿರ್ತಾನೆ ಕಣೇ, ಒಂದೆಲೆ ಹಾಕ್ಬಿಡೋಣ." ಅತ್ತೆ ಸೌಟು ಕುಕ್ಕುವಳು. "ಬದುಕಿರೋರಿಗೆ ಎಡೆ ಇಡ್ತೀಯಾ ಅವ್ವ? ಬಿಡ್ತು ಅನ್ನು!" ಅಲ್ಲಿಗೆ ಮುಗಿಯಿತು.

ಹಾಗಂತ ಅತ್ತೆ ಮೂಲೆ ಹಿಡಿದು ಅಳುವ ಜಾತಿಯಲ್ಲ. ಮಾವನ ವಿಷಯ ನಗುನಗುತ್ತಲೇ ಹೇಳುವಳು. "ಸಮುದ್ರಕ್ಕೆ ಹೆದರದ ಗಂಡಸು ಕಣೇ ಪುಟ್ಟಿ, ಒಂದು ಮೆಣಸಿನಕಾಯಿಗೆ ಹೆದರೋರು! ಬಜ್ಜಿ ಅಂದ್ರೆ ಪ್ರಾಣ. ಆದ್ರೆ ನಾನು ಒಂದೊಂದೇ ಬೀಜ ತೆಗೆದು ಕೊಡ್ಬೇಕಿತ್ತು." ಅಷ್ಟು ಹೇಳಿ ಸೆರಗಿನಿಂದ ಮುಖ ಒರೆಸಿಕೊಂಡು, ಒಲೆ ಮೇಲಿನದು ನೋಡಲು ಏಳುವಳು.

ಹೀಗಿದ್ದಾಗ ಟಿವಿಯಲ್ಲಿ ಆ ಸೀರಿಯಲ್ ಶುರುವಾಯಿತು. ಮುಳುಗಿಹೋದ ಒಂದು ಹಡಗಿನ ಅಡುಗೆಯವನ ಕಥೆ, ನಿಜವಾಗಿ ನಡೆದದ್ದು ಅಂತ ದಿನಾ ಮೊದಲೇ ಹೇಳಿಬಿಡುತ್ತಿದ್ದರು. ಮೇಲಿನ ಮನೆಯ ಕಮಲಮ್ಮನವರ ಟಿವಿ ಕೆಟ್ಟಿತ್ತು, ಹಾಗಾಗಿ ಸಂಜೆ ಏಳಕ್ಕೆ ಸರಿಯಾಗಿ ಅವರು ನಮ್ಮಲ್ಲಿ ಹಾಜರ್, ಮಡಿಲಲ್ಲಿ ಬಿಡಿಸುವ ಕಡಲೆಕಾಯಿ. ಅತ್ತೆ ಮಾತ್ರ ಕೂರುತ್ತಿರಲಿಲ್ಲ. ಅಡುಗೆಮನೆ ಹೊಸ್ತಿಲ ಮೇಲೆ ನಿಂತೇ ಎಲ್ಲ ನೋಡುವಳು. "ಥೂ, ಒಗ್ಗರಣೆ ಹಾಕೋ ರೀತಿ ನೋಡು, ಜನ್ಮದಲ್ಲಿ ಬಾಣಲೆ ಹಿಡಿದಿಲ್ಲ ಇವನು" ಅಂತ ಬೈಯುವಳು. ಆದರೂ ಅವನೆಂದರೆ ಎಲ್ಲರಿಗೂ ಅಷ್ಟು ಅಕ್ಕರೆ. ತಾಯಿ ತೀರಿಕೊಂಡಿದ್ದಾಳೆ, ಮದುವೆಯಿಲ್ಲ, ಹಿಂದೆ ಮುಂದೆ ಯಾರಿಲ್ಲ. ಊರಿಗೆ ಹೋದಾಗ ಯಾರಾದರೂ ಕಜ್ಜಾಯ ಮಾಡಿಕೊಟ್ಟರೆ ಅಂತ ದಿನಾ ಹಲುಬುವನು.

ಕೊನೆಯ ದಿನ ಹಡಗು ಮುಳುಗಿತು. ಅವನು ನೀರಲ್ಲಿ ಒಂದು ಸಲ ಕೈ ಎತ್ತಿದ, ಆಮೇಲೆ ಬರೀ ಅಲೆ. ಕಮಲಮ್ಮ ಗೊಳೋ ಅಂತ ಅತ್ತರು, ಕಡಲೆಕಾಯಿ ನೆಲದ ತುಂಬ ಚೆಲ್ಲಿತು. ಅಷ್ಟರಲ್ಲಿ ಟಿವಿಯಲ್ಲಿ ಒಂದು ಕಪ್ಪು ಬಿಳುಪು ಫೋಟೋ ಬಂತು, ಸತ್ತುಹೋದ ನಿಜವಾದ ಅಡುಗೆಯವನದು. ತೆಳ್ಳಗಿನ ಮುಖ, ಸ್ವಲ್ಪ ಉಬ್ಬುಹಲ್ಲು. "ಅಯ್ಯೋ, ನಿಜವಾಗ್ಲೂ ಇದ್ದನಲ್ಲಪ್ಪಾ" ಅಂದಳು ಅಜ್ಜಿ. ಹೊಸ್ತಿಲ ಮೇಲೆ ಅತ್ತೆ ಇರಲಿಲ್ಲ. ಬಚ್ಚಲಲ್ಲಿ ನೀರು ಸುರಿಯುವ ಸದ್ದು ತುಂಬ ಹೊತ್ತು ಕೇಳಿಸಿತು.

ಇದಾದ ಹತ್ತು ದಿನಕ್ಕೆ ಮಹಾಲಯ ಅಮಾವಾಸ್ಯೆ ಬಂತು. "ಪಾಪ, ಅವನಿಗೆ ಯಾರಿದ್ದಾರೆ ಎಡೆ ಇಡೋಕೆ? ನಾವೇ ಇಡೋಣ" ಅಂದಳು ಅಜ್ಜಿ. ನಾನು ಅತ್ತೆಯ ಮುಖ ನೋಡಿದೆ, ಈಗ ಸೌಟು ಕುಕ್ಕುತ್ತಾಳೆ ಅಂತ. "ಇಡು ಅವ್ವ" ಅಂದಳು. "ಅವನು ಹೋಗಿದ್ದನ್ನ ಎಲ್ಲರೂ ನೋಡಿದ್ದೀವಲ್ಲ. ಕಜ್ಜಾಯ ನಾನೇ ಮಾಡ್ತೀನಿ." ಫೋಟೋ ಹುಡುಕುವ ಕೆಲಸ ನನಗೆ ಬಿತ್ತು. ಹಳೇ ಪೇಪರ್ ಕಟ್ಟು ಬಿಚ್ಚಿ, ಸೀರಿಯಲ್ ಸುದ್ದಿಯ ಜೊತೆಗಿದ್ದ ಚಿತ್ರ ಕತ್ತರಿಸಿ, ರಟ್ಟಿಗೆ ಅಂಟಿಸಿ ಕೊಟ್ಟೆ. ಅಜ್ಜಿ ಅದಕ್ಕೆ ಕುಂಕುಮ ಇಟ್ಟು, ಸೇವಂತಿಗೆ ಹೂ ಮುಡಿಸಿ, ನಾಲ್ಕನೇ ಎಲೆಯ ಮುಂದೆ ನಿಲ್ಲಿಸಿದಳು. ಅಪ್ಪ ಊದುಬತ್ತಿಯನ್ನೂ ಬೆಳಗಿದರು. ಯಾರಿಗೂ ಏನೂ ಅನ್ನಿಸಲಿಲ್ಲ.

ಕಜ್ಜಾಯ ಸರಿಯಾಗಿ ಬಂದಿದೆಯಾ ನೋಡಲು ಕಮಲಮ್ಮ ಇಳಿದು ಬಂದರು. ಒಂದು ಸಲ ಫೋಟೋ ನೋಡಿ ಕೆನ್ನೆ ಕೆನ್ನೆ ಬಡಿದುಕೊಂಡರು. "ಅಯ್ಯಯ್ಯೋ, ಇದು ಆ ಆಕ್ಟರ್ ಕಣ್ರೀ! ಬದುಕಿದ್ದಾನೆ! ನಿನ್ನೆ ತಾನೇ ಸೋಪಿನ ಅಡ್ವರ್ಟೈಸ್‌ಮೆಂಟಲ್ಲಿ ಬಂದಿದ್ದ!"

ನಾವು ಮೂರು ತಿಂಗಳು ದಿನಾ ನೋಡಿದ್ದು ಆ ಮುಖವನ್ನೇ ಅಲ್ಲವೆ, ಕತ್ತರಿಸುವಾಗ ನನಗೆ ಹೊಳೆಯಲೇ ಇಲ್ಲ. ಅಪ್ಪನಿಗೆ ನಗು ತಡೆಯಲಾಗಲಿಲ್ಲ. ಆದರೆ ಅತ್ತೆಯ ಮುಖ ಬಿಳಿಚಿಕೊಂಡಿತ್ತು. ಓಡಿ ಬಂದು ಫೋಟೋ ಕಿತ್ತುಕೊಂಡು, ಕುಂಕುಮ ಒರೆಸಿ, "ಬದುಕಿರೋರಿಗೆ ಇಡಬಾರ್ದು, ಬದುಕಿರೋರಿಗೆ ಇಡಬಾರ್ದು" ಅಂತ ಬಡಬಡಿಸಿದಳು. ನನಗೆ ಏಟು ಬೀಳುತ್ತೆ ಅಂತ ನಾನು ಕಂಬದ ಹಿಂದೆ ಸರಿದೆ. ಅಜ್ಜಿ ನಿಟ್ಟುಸಿರು ಬಿಟ್ಟು, ನಾಲ್ಕನೇ ಎಲೆ ಎತ್ತಲು ಬಗ್ಗಿದಳು.

ಅತ್ತೆ ಅವಳ ಕೈ ಹಿಡಿದುಕೊಂಡಳು. "ಎಲೆ ಇರ್ಲಿ ಅವ್ವ."

ಎಲೆಯ ಮುಂದೆ ಬರೀ ಗೋಡೆ. ಅತ್ತೆ ಅದನ್ನೇ ಒಂದು ಗಳಿಗೆ ನೋಡಿ ಅಡುಗೆಮನೆಗೆ ಹೋದಳು. ಹಿಂದೆಯೇ ಹೋದ ನಾನು ನೋಡಿದೆ, ಉದ್ದ ಮೆಣಸಿನಕಾಯಿ ಸೀಳಿ ಹೆಬ್ಬೆರಳಿನ ಉಗುರಿನಿಂದ ಬೀಜ ಕೆರೆಯುತ್ತಿದ್ದಳು, ಒಂದೂ ಬಿಡದ ಹಾಗೆ. ಬಿಸಿ ಬಿಸಿ ಎರಡು ಬಜ್ಜಿ ತಂದು ಕಜ್ಜಾಯದ ಪಕ್ಕ ಇಟ್ಟಳು. ಬಳೆ ಸದ್ದಾಗದಂತೆ ಇನ್ನೊಂದು ಕೈಯಲ್ಲಿ ಒತ್ತಿ ಹಿಡಿದಿದ್ದಳು.

"ಹಡಗಿನ ಅಡುಗೆಯವನು ಬಜ್ಜಿ ತಿಂತಿದ್ನಾ? ಸೀರಿಯಲ್‌ನಲ್ಲಿ ತೋರಿಸ್ಲೇ ಇಲ್ಲ" ಅಂದರು ಕಮಲಮ್ಮ.

"ಎಲ್ಲಾ ತೋರಿಸ್ತಾರಾ ಕಮಲಮ್ಮ? ಇರ್ಲಿ ಬಿಡು" ಅಂದಳು ಅಜ್ಜಿ.

ಆವತ್ತು ಜಗಲಿ ಮೇಲೆ ಅತ್ತೆ ಮುಚ್ಚಿದ ಬಾಗಿಲಿಗೆ ಬೆನ್ನು ಒತ್ತಿ ಕೂತಿದ್ದಳು. ಅಪ್ಪ ಎರಡು ಸಲ ಕೆಮ್ಮಿದರೂ ಏಳಲಿಲ್ಲ. ಅಪ್ಪನೂ ಅವಸರ ಮಾಡಲಿಲ್ಲ.

ಬೀದಿಯವರು ಆ ಅಡುಗೆಯವನನ್ನು ಬೇಗ ಮರೆತರು, ಅದೇ ಹೊತ್ತಿಗೆ ಬೇರೆ ಸೀರಿಯಲ್ ಬಂತಲ್ಲ. ನಮ್ಮ ಮನೆಯಲ್ಲಿ ಮಾತ್ರ ಪ್ರತಿ ವರ್ಷ ನಾಲ್ಕು ಎಲೆ. ಯಾರಾದರೂ ಕೇಳಿದರೆ ಸೀರಿಯಲ್‌ನವನಿಗೆ ಅಂತ ಹೇಳುತ್ತಿದ್ದೆವು. ಪಕ್ಕದಲ್ಲಿ ಎರಡು ಬಜ್ಜಿ ತಪ್ಪಲಿಲ್ಲ, ಅತ್ತೆಯ ಹಣೆಯ ಕುಂಕುಮವೂ ಹೋಗಲಿಲ್ಲ. ಅಜ್ಜಿ ಸಾಯುವವರೆಗೂ ಮಾವನ ಹೆಸರೆತ್ತಲಿಲ್ಲ. ಅಷ್ಟು ಬಾಯಿಬಡುಕಿ ಅಜ್ಜಿ ಅದನ್ನು ಹೇಗೆ ಹೊಟ್ಟೆಯಲ್ಲಿಟ್ಟುಕೊಂಡಳೋ, ನೆನೆದರೆ ಇವತ್ತಿಗೂ ಕಣ್ಣು ತುಂಬುತ್ತದೆ.

ಹೋದ ಚಳಿಗಾಲದಲ್ಲಿ ಅತ್ತೆ ತೀರಿಕೊಂಡಳು. ಕೈ ತುಂಬ ಹಸಿರು ಬಳೆ ತೊಡಿಸಿಯೇ ಕಳಿಸಿದೆವು. ಈ ಸಲ ಅವಳಿಗೂ ಎಲೆ. ಬೆಳಿಗ್ಗೆ ನಾನೇ ಮೆಣಸಿನಕಾಯಿ ಸೀಳಿ ಬೀಜ ತೆಗೆದೆ, ಉಗುರಿನ ಸಂದಿ ಇನ್ನೂ ಉರಿಯುತ್ತಿದೆ. ಫೋಟೋ ಇಲ್ಲದ ಎಲೆಯನ್ನು ಅತ್ತೆಯ ಎಲೆಗೆ ತಾಗಿಸಿ ಹಾಕಿದೆ. ಮಗಳು ಕೇಳಿದಳು, "ಅಮ್ಮಾ, ಇದು ಯಾರಿಗೆ?"

ಫೋಟೋದಲ್ಲಿ ಅತ್ತೆ ಕಾಸಿನಗಲ ಕುಂಕುಮ ಇಟ್ಟುಕೊಂಡು ನನ್ನನ್ನೇ ನೋಡುತ್ತಿದ್ದಳು. "ಹಳೇ ಸೀರಿಯಲ್‌ನಲ್ಲಿ ಒಬ್ಬರು ಇದ್ರು ಕಣೇ, ಅವರಿಗೆ" ಅಂದೆ.

ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಲಿಫ್ಟಿನ ಹತ್ತಿರ ಕುರ್ಚಿ ಹಾಕಿಕೊಂಡು ಕೂತೆವು. ಸ್ವಲ್ಪ ಹೊತ್ತಾದ ಮೇಲೆ ಅಪ್ಪ ಕೋಲೂರಿ ಎದ್ದು, ಕೆಮ್ಮಲು ಬಾಯಿ ತೆರೆದರು. ನಾನು ಅವರ ಕೈ ಹಿಡಿದು ಕೂರಿಸಿದೆ.

"ಇರಿ ಅಪ್ಪ. ಈಗ ತಾನೇ ಜೊತೆಗೆ ಕೂತಿದ್ದಾರೆ."