ಖಜಾಂಚಿ ಅಕ್ಕ ವಾಪಸು ಕಳಿಸಿದ ದೇಣಿಗೆ

ಸಿನಿಮಾ, ಕಾದಂಬರಿಗಳ ಪಾತ್ರಗಳನ್ನಿಟ್ಟುಕೊಂಡು ಅಭಿಮಾನಿಗಳೇ ಬರೆಯುವ ಕಥೆಗಳನ್ನು ಪುಕ್ಕಟೆ ಓದಿಸುವ ಆ ಜಾಲತಾಣಕ್ಕೆ ಖಜಾಂಚಿ ಅಕ್ಕನೇ ದಿಕ್ಕು. ಸಂಬಳ ಮಾತ್ರ ಸೊನ್ನೆ. ಹಗಲೆಲ್ಲ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಬಿಲ್ಲು ಬರೆದು, ಸಂಜೆ ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು ಕೂರುತ್ತಾಳೆ. ಸರ್ವರ್ ಬಾಡಿಗೆಯಿಂದ ಹಿಡಿದು ತಾನು ತಪ್ಪಾಗಿ ಕೊಂಡ ವೈರಿನವರೆಗೆ ಎಲ್ಲ ಖರ್ಚಿನ ಲೆಕ್ಕವನ್ನೂ ತಾಣದಲ್ಲಿ ಹಾಕಿ, "ಮುಚ್ಚಿಡೋಕೆ ಇದೇನು ಪ್ರೇಮಪತ್ರಾನಾ?" ಎನ್ನುತ್ತಾಳೆ. ಕಥೆಗಳನ್ನು ಮಾತ್ರ ಒಂದನ್ನೂ ಓದಿದವಳಲ್ಲ. ಚಂದಾ ಎತ್ತುವ ಸಭೆಯಲ್ಲಿ ಎಲ್ಲರೂ ಯಾವುದೋ ಕಥೆಯ ರಾಜಕುಮಾರನ ಔದಾರ್ಯವನ್ನು ಹೊಗಳುತ್ತಿದ್ದಾಗ, "ಅಷ್ಟು ಧಾರಾಳಿಯಾದ್ರೆ ಮೊದಲು ಅವನ ಹತ್ರಾನೇ ಕೇಳ್ರಪ್ಪ" ಎಂದವಳು. ಒಮ್ಮೆ ಒಬ್ಬ ತಾತ ದೊಡ್ಡ ಮೊತ್ತ ಕಳಿಸಿ, "ಮೊಮ್ಮಗಳು ಹಾಸಿಗೆ ಹಿಡಿದಿದಾಳೆ. ಅವಳು ಓದೋ ಕಥೇಲಿ ನಾಯಕಿ ಜ್ವರಕ್ಕೆ ಸಾಯ್ತಾಳೆ. ದಯವಿಟ್ಟು ಬದುಕಿಸಿ" ಎಂದು ಬರೆದ. ಅಕ್ಕ, "ದುಡ್ಡು ತಗೊಂಡು ಕಥೆ ತಿದ್ದೋದಿಲ್ಲ" ಎಂದು ಅಷ್ಟನ್ನೂ ಹಿಂದಿರುಗಿಸಿ, ಲೆಕ್ಕದಲ್ಲಿ ಅದನ್ನೂ ಹಾಕಿದಳು: 'ನಾಯಕಿಯ ಜೀವಕ್ಕೆಂದು ಬಂದದ್ದು, ವಾಪಸು.' ಕಲ್ಲೆದೆಯವಳೆಂದು ಎಲ್ಲರೂ ಬೈದರು. ಮರುದಿನ ಅದೇ ನಾಯಕಿಯ ಇನ್ನೊಂದು ಕಥೆ ತಾಣದಲ್ಲಿತ್ತು. ಬರೆದವರ ಹೆಸರಿರಲಿಲ್ಲ, ಕೊನೆಯ ಸಾಲು ಓದಿದವರಿಗೆ ಹೆಸರು ಬೇಕಾಗಲೂ ಇಲ್ಲ: 'ಜ್ವರ ಬಂತು, ಜ್ವರ ಹೋಯಿತು, ಬಾಕಿ ಏನೂ ಇಲ್ಲ.'