ನಾನೇ ಕುಂಕುಮ ಇಟ್ಟ ಕಲ್ಲು

ಮೇಡ್ಲೇರಿ ಕಡೆಯ ಒಂದು ಹಳ್ಳಿಯಲ್ಲಿ, ಹಳೇ ಗುಡಿಯ ಹಿಂದಿನ ಅಂಗಳದಲ್ಲಿ, ಸಮುದಾಯ ಭವನಕ್ಕೆ ಪಾಯ ತೋಡಿಸುತ್ತಿದ್ದೆ. ಎಂಜಿನಿಯರ್ ನಾನೇ. ಜೆಸಿಬಿ ಬಕೆಟ್‌ಗೆ ಒಂದು ಕಲ್ಲು ತಾಗಿತು. ಮಣ್ಣು ಒರೆಸಿ ನೋಡಿದರೆ ವೀರಗಲ್ಲು: ಬಿಲ್ಲು ಹಿಡಿದು ನಿಂತ ವೀರ, ಅವನ ಹಿಂದೆ ದನಗಳು, ಕೆಳಗೆ ಎರಡು ಸಾಲು ಹಳಗನ್ನಡದ ಬರಹ.

"ಕೆಲಸ ನಿಲ್ಲಿಸಿ. ಪುರಾತತ್ವ ಇಲಾಖೆಯವರು ಬರೋವರೆಗೂ ಇದನ್ನ ಯಾರೂ ಮುಟ್ಟಬಾರದು" ಅಂದೆ.

ಗುಡಿ ಕಮಿಟಿಯ ಹಿರಿಯ ಬಸಣ್ಣ ನಕ್ಕ. "ಇಂಥಾ ಕಲ್ಲು ನಮ್ಮೂರಾಗ ರಗಡ ಅದಾವ್ರಿ. ಒಂದರ ಮ್ಯಾಲ ನಮ್ಮನ್ಯಾಗ ಅರಬಿ ಒಗೀತಾರ. ಒಡದು ಪಾಯಕ್ಕ ಹಾಕ್ರಿ, ಗಟ್ಟಿ ಆಕ್ಕೈತಿ."

ಕಾನೂನು ಹೇಳಿದೆ, ಕಿವಿಗೇ ಹಾಕಿಕೊಳ್ಳಲಿಲ್ಲ. ಆಳು ಸುತ್ತಿಗೆ ತರಲು ಹೊರಟ. ನನಗೂ ಹಟ ಬಂತು. ಗುಡಿಯೊಳಗಿಂದ ಕುಂಕುಮ, ಹೂವಿನ ಮಾಲೆ, ಒಂದು ತೆಂಗಿನಕಾಯಿ ತಂದೆ. ಕಲ್ಲಿಗೆ ಕುಂಕುಮ ಹಚ್ಚಿ, ಮಾಲೆ ಏರಿಸಿ, ಕಾಯಿ ಒಡೆದು ಕೈ ಮುಗಿದೆ.

ಜೆಸಿಬಿ ಡ್ರೈವರ್ ಚಪ್ಪಲಿ ಬಿಟ್ಟ. ಬಸಣ್ಣನೂ ಬಿಟ್ಟ. ಸುತ್ತಿಗೆ ತಂದ ಆಳು ಅದನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡು ನಿಂತ.

ಇಲಾಖೆಯ ಅಧಿಕಾರಿ ಬರುವಷ್ಟರಲ್ಲಿ ಹದಿನೈದು ದಿನ ಕಳೆದಿತ್ತು. ಕಲ್ಲಿನ ಸುತ್ತ ಕಟ್ಟೆ ಎದ್ದಿತ್ತು. ಎಣ್ಣೆ, ಕುಂಕುಮ ಮೆತ್ತಿ ಒಂದು ಅಕ್ಷರವೂ ಕಾಣುತ್ತಿರಲಿಲ್ಲ. ಒರೆಸೋಣವೆಂದು ನಾನು ಬ್ರಷ್ ಹಿಡಿದು ಬಗ್ಗಿದೆ. ಬಸಣ್ಣ ಅಡ್ಡ ಬಂದ.

"ಮುಟ್ಟಬ್ಯಾಡ್ರಿ ಸಾಹೇಬ್ರ. ಯಾರೂ ಮುಟ್ಟಬಾರದು ಅಂತ ನೀವ ಹೇಳಿದ್ರೆಲ್ಲ?"

ಆ ಇಡೀ ಕಾಮಗಾರಿಯಲ್ಲಿ ನನ್ನ ಮಾತನ್ನು ಚಾಚೂ ತಪ್ಪದೆ ಪಾಲಿಸಿದ್ದು ಅದೊಂದೇ ಸಲ.